ಸಹಾಯ ಬೇಕು: ಬ್ರಿಟನ್ ವೀಸಾ ಸಂಬಳಕ್ಕೆ ಓವರ್‌ಟೈಮ್ ಸೇರಿಸಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ 2024ರ ಕೊನೆಯಲ್ಲಿ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಗಾರೆ ಕೆಲಸಕ್ಕೆ ಬ್ರಿಟನ್ನಿಗೆ ಹೋದ. ಆಗ ಇಟ್ಟಿಗೆ ಕಟ್ಟುವವರಿಗೆ ವರ್ಷಕ್ಕೆ ಕನಿಷ್ಠ 30,960 ಪೌಂಡ್ ಕೊಡಬೇಕಿತ್ತು. ವೀಸಾಗಾಗಿ ಕಂಪನಿ ಕೊಟ್ಟ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್‌ನಲ್ಲೂ ಅಷ್ಟೇ ಇದೆ. ಅಂದರೆ ತಿಂಗಳಿಗೆ 2,580.

ನಿನ್ನೆ ಪೇಸ್ಲಿಪ್ ಫೋಟೋ ಕಳಿಸಿದ್ದ. ಮೂಲ ಸಂಬಳ 2,150, ಓವರ್‌ಟೈಮ್ 430. ಕೂಡಿಸಿದರೆ ಸರಿಯಾಗಿ 2,580! ಆದರೆ ವೀಸಾ ಲೆಕ್ಕಕ್ಕೆ ಓವರ್‌ಟೈಮ್ ಬರುವುದೇ ಇಲ್ಲ, ಅಲ್ವಾ? ಕಂಪನಿಯವರನ್ನು ಕೇಳಿದರೆ 'ಸುಮ್ನೆ ಕೆಲಸ ಮಾಡು' ಅಂತಾರಂತೆ. ಸ್ಪಾನ್ಸರ್ (ಅಂದರೆ ವೀಸಾ ಕೊಡಿಸಿದ ಕಂಪನಿ) ಕೈಬಿಟ್ಟರೆ ಬೇರೆ ಸ್ಪಾನ್ಸರ್ ಹುಡುಕಲು ಅಥವಾ ದೇಶ ಬಿಡಲು ಸಾಮಾನ್ಯವಾಗಿ 60 ದಿನ ಮಾತ್ರ ಸಿಗುತ್ತದೆ, ಅದೇ ಅವನಿಗೆ ಭಯ. ಚಳಿಗೆ, ಸಿಮೆಂಟಿಗೆ ಬೆರಳೆಲ್ಲಾ ಬಿರಿದಿವೆ, ನೋಡಿ ಹೊಟ್ಟೆ ಉರಿಯಿತು.

ಇಂಥದ್ದನ್ನು ಎದುರಿಸಿದವರು ಇದ್ದೀರಾ? ಮೊದಲು ಏಕಾಸ್‌ಗೆ (Acas, ಕೆಲಸದ ತಕರಾರುಗಳಿಗೆ ಉಚಿತ ಸಲಹೆ ಕೊಡುವ ಬ್ರಿಟನ್ ಸಂಸ್ಥೆ) ಫೋನ್ ಮಾಡಬೇಕಾ, ಇಲ್ಲ ವೀಸಾ ವಕೀಲರನ್ನು ನೋಡಬೇಕಾ? ದಯವಿಟ್ಟು ತಿಳಿಸಿ.