ಚಿಕ್ಕಮ್ಮ, ಕೌಲಾಲಂಪುರದಲ್ಲಿ ಆ ಒಂದು ರಾತ್ರಿ ಹಾಸಿಗೆ ಮೇಲೆ ಮಲಗಿ

ಚಿಕ್ಕಮ್ಮ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ವಾಯ್ಸ್ ಮೆಸೇಜ್ ಕಳಿಸೋಣ ಅಂದುಕೊಂಡಿದ್ದೆ. ಆಮೇಲೆ, ಬರೆದು ಹಾಕಿದರೆ ದಾರಿಯಲ್ಲಿ ಬೇಕಾದಾಗ ತೆಗೆದು ಓದಬಹುದು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ. ಚಿಕ್ಕಪ್ಪನಿಗೂ ಓದಿ ಹೇಳಿ.

ನೀವು ಕೇಳಿದ್ದು ಇಷ್ಟು. ಸೌಮ್ಯಳ ಬಾಣಂತನಕ್ಕೆ ಮೆಲ್ಬರ್ನ್‌ಗೆ ಹೊರಟಿದ್ದೀರಿ. ಮಧ್ಯಾಹ್ನ 3:45ಕ್ಕೆ ಕೌಲಾಲಂಪುರದಲ್ಲಿ ಇಳಿಯುತ್ತೀರಿ, ಮುಂದಿನ ವಿಮಾನ ಮಾರನೇ ದಿನ ಬೆಳಿಗ್ಗೆ 10:15ಕ್ಕೆ. ಚಿಕ್ಕಪ್ಪ "ಏರ್‌ಪೋರ್ಟಲ್ಲೇ ಕೂತುಬಿಡೋಣ, ಸುಮ್ನೆ ಯಾಕೆ ಖರ್ಚು" ಅನ್ನುತ್ತಾರೆ. ನಿಮಗೆ ಅಲ್ಲಿಯ ಬಟು ಕೇವ್ಸ್ ಗುಹೆ ಗುಡಿಯ ಮುರುಗನ್ ನೋಡಲೇಬೇಕು. ನಾನು ಇಬ್ಬರ ಮಾತನ್ನೂ ಒಪ್ಪುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಚಿಕ್ಕಪ್ಪನ ಮಾತು. ಮೂರು ವರ್ಷದ ಹಿಂದೆ ನಾನು ಅಮ್ಮ ಹೀಗೇ ಮಾಡಿದ್ದೆವು. ಬೇರೊಂದು ಊರಿನ ಏರ್‌ಪೋರ್ಟು, ಹತ್ತು ಗಂಟೆ ಕಾಯುವುದಿತ್ತು. ಹೋಟೆಲ್ ದುಡ್ಡು ಉಳಿಸೋಣ ಅಂತ ಕುರ್ಚಿಯ ಮೇಲೇ ಕೂತೆವು. ನಡುವೆ ಕಬ್ಬಿಣದ ಕೈ ಇರುವ ಕುರ್ಚಿಗಳು, ಕಾಲು ಚಾಚುವ ಹಾಗಿಲ್ಲ. ಎಸಿ ಚಳಿಗೆ ಅಮ್ಮ ಇದ್ದ ಒಂದೇ ಶಾಲನ್ನು ತಲೆಗೂ ಕಾಲಿಗೂ ಎಳೆದು ಎಳೆದು ಹೊದ್ದುಕೊಳ್ಳುತ್ತಿದ್ದರು. ಬೆಳಿಗ್ಗೆ ಹೊತ್ತಿಗೆ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ. ಎರಡನೇ ವಿಮಾನ ಇಳಿದು ಅಣ್ಣನ ಮನೆ ತಲುಪಿದ ಮೇಲೆ ಮೂರು ದಿನ ಮಲಗಿಯೇ ಇದ್ದರು. ನೋಡಲು ಹೋದ ಮೊಮ್ಮಗನನ್ನು ಎತ್ತಿಕೊಳ್ಳಲೂ ಆಗಲಿಲ್ಲ. ನೀವು ಹೋಗುತ್ತಿರುವುದು ಬಾಣಂತಿಯನ್ನು ನೋಡಿಕೊಳ್ಳಲು. ಕೌಲಾಲಂಪುರದಿಂದ ಮೆಲ್ಬರ್ನ್‌ಗೆ ಇನ್ನೂ ಎಂಟು ಗಂಟೆ ಕೂರಬೇಕು. ನಡುವಿನ ರಾತ್ರಿ ಬೆನ್ನು ನೆಲ ಕಾಣಲೇಬೇಕು. ಹೋಟೆಲ್ ದುಡ್ಡನ್ನು ಟಿಕೆಟ್ಟಿನ ದುಡ್ಡಿಗೇ ಸೇರಿಸಿ ಲೆಕ್ಕ ಹಾಕಿ ಅಂತ ಚಿಕ್ಕಪ್ಪನಿಗೆ ಹೇಳಿ.

ಕಳೆದ ವರ್ಷ ಅಮ್ಮನ ಜೊತೆ ಕೌಲಾಲಂಪುರದಲ್ಲಿ ಒಂದು ರಾತ್ರಿ ಉಳಿದಿದ್ದೆ. ಆಗ ಚೆನ್ನಾಗಿ ಆಯಿತು. ಅದನ್ನೇ ನಿಮಗೂ ಹೇಳುತ್ತಿದ್ದೇನೆ.

ಊರೊಳಗೆ ಹೋಗಲು ವೀಸಾ ಬೇಡ. 2023ರ ಡಿಸೆಂಬರ್ 1ರಿಂದ ನಮ್ಮ ಪಾಸ್‌ಪೋರ್ಟ್ ಇದ್ದವರಿಗೆ 30 ದಿನದವರೆಗೆ ವೀಸಾ ಇಲ್ಲದೆ ಮಲೇಷ್ಯಾ ಒಳಗೆ ಬಿಡುತ್ತಿದ್ದಾರೆ. 2026ರ ಕೊನೆಯವರೆಗೂ ಅದನ್ನು ಮುಂದುವರಿಸಿದ್ದಾರೆ. ಆದರೆ ಆನ್‌ಲೈನಿನಲ್ಲಿ ಒಂದು ಫಾರ್ಮ್ ತುಂಬಬೇಕು, ಎಂಡಿಎಸಿ ಅನ್ನುತ್ತಾರೆ. ಇಳಿಯುವ ದಿನಕ್ಕೆ ಮೂರು ದಿನದ ಒಳಗೆ ತುಂಬಬೇಕು, ಈಗಲೇ ತುಂಬಲು ಬರುವುದಿಲ್ಲ. ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ನಕಲಿ ವೆಬ್‌ಸೈಟುಗಳು ಬಹಳ ಇವೆ, ಮಲೇಷ್ಯಾ ಇಮಿಗ್ರೇಷನ್‌ನ ಸ್ವಂತ ಸೈಟಿನಲ್ಲಿ ಮಾತ್ರ ತುಂಬಬೇಕು. ನೀವೇ ಮಾಡಲು ಹೋಗಬೇಡಿ, ನಾನು ಬಂದು ತುಂಬುತ್ತೇನೆ. ಪಾಸ್‌ಪೋರ್ಟ್ ಫೋಟೋನ ದಯವಿಟ್ಟು ಈ ಗ್ರೂಪಿಗೆ ಹಾಕಬೇಡಿ.

ಲಗೇಜಿನ ವಿಷಯ ಬೆಂಗಳೂರಿನಲ್ಲೇ ತೀರ್ಮಾನ ಆಗಬೇಕು. ಚೆಕ್-ಇನ್ ಕೌಂಟರಿನಲ್ಲಿ "ಸೂಟ್‌ಕೇಸ್ ಮೆಲ್ಬರ್ನ್‌ವರೆಗೂ ಹೋಗುತ್ತಾ, ಕೌಲಾಲಂಪುರದಲ್ಲಿ ತಗೋಬೇಕಾ" ಅಂತ ಬಾಯಿಬಿಟ್ಟು ಕೇಳಿ. ರಾತ್ರಿ ಉಳಿಯುವವರಿಗೆ ಕೆಲವೊಮ್ಮೆ ನಡುವೆಯೇ ಕೊಟ್ಟುಬಿಡುತ್ತಾರೆ. ಸೂಟ್‌ಕೇಸಿಗೆ ಕಟ್ಟುವ ಚೀಟಿಯನ್ನು ಚಿಕ್ಕಪ್ಪ ಕಣ್ಣಾರೆ ನೋಡಲಿ. ಎಂಇಎಲ್ ಅಂತ ಇದ್ದರೆ ಮೆಲ್ಬರ್ನ್, ಕೆಯುಎಲ್ ಅಂತ ಮಾತ್ರ ಇದ್ದರೆ ಕೌಲಾಲಂಪುರ. ಎರಡನೇ ಬೋರ್ಡಿಂಗ್ ಪಾಸನ್ನೂ ಅಲ್ಲೇ ಕೇಳಿ ನೋಡಿ.

ಏನೇ ಆಗಲಿ, ರಾತ್ರಿಗೆ ಬೇಕಾದ್ದೆಲ್ಲ ಕೈಚೀಲದಲ್ಲೇ ಇರಲಿ. ಒಂದೊಂದು ಜೊತೆ ಬಟ್ಟೆ, ಎರಡು ಶಾಲು, ಚಾರ್ಜರ್, ಚಿಕ್ಕಪ್ಪನ ಮಾತ್ರೆ, ಡಾಕ್ಟರ ಚೀಟಿ. ಅಲ್ಲಿಯ ಪ್ಲಗ್ಗು ಚಪ್ಪಟೆ ಮೂರು ಕಡ್ಡಿಯದು, ನಮ್ಮ ಗುಂಡು ಪಿನ್ ಹೋಗುವುದಿಲ್ಲ. ಅಡಾಪ್ಟರ್ ನನ್ನ ಹತ್ತಿರ ಇದೆ, ಕೊಡುತ್ತೇನೆ. ಗೊಜ್ಜು, ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡಿ, ಸೆಕ್ಯುರಿಟಿಯಲ್ಲಿ ತೆಗೆದಿಟ್ಟುಬಿಡುತ್ತಾರೆ.

ಚಿಕ್ಕಪ್ಪನ ಶುಗರ್ ಮಾತ್ರೆ ಬಗ್ಗೆ ಒಂದು ಮಾತು. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಎಂಟಕ್ಕೆ ಊಟಕ್ಕೆ ಕೂತರೆ ನಮ್ಮಲ್ಲಿ ಸಂಜೆ ಐದೂವರೆ. ಮೆಲ್ಬರ್ನ್‌ನಲ್ಲಿ ಇನ್ನೂ ಮುಂದೆ. ಯಾವ ಹೊತ್ತಿಗೆ ಯಾವ ಮಾತ್ರೆ ಅಂತ ಹೊರಡುವ ಮುಂಚೆ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ. ಇದನ್ನು ಮಾತ್ರ ಮರೆಯಬೇಡಿ.

ವಿಮಾನ ಇಳಿದು ಇಮಿಗ್ರೇಷನ್ ಮುಗಿಸುವಷ್ಟರಲ್ಲಿ ಐದು ಗಂಟೆ ಅಂದುಕೊಳ್ಳಿ. ಮುಂದಿನ ಟಿಕೆಟ್ಟು, ಹೋಟೆಲ್ ಬುಕಿಂಗ್ ಎರಡೂ ಕಾಗದದಲ್ಲಿ ಕೈಯಲ್ಲಿರಲಿ. ಏರ್‌ಪೋರ್ಟಿನಿಂದ ಊರು 57 ಕಿಲೋಮೀಟರ್. ಸಂಜೆ ಹೊತ್ತು ರಸ್ತೆಯಲ್ಲಿ ಹೋದರೆ ನಮ್ಮ ಸಿಲ್ಕ್ ಬೋರ್ಡಿನ ಹಾಗೆ ಸಿಕ್ಕಿಹಾಕಿಕೊಳ್ಳುತ್ತೀರಿ. ಅದಕ್ಕೇ ಕೆಎಲ್‌ಐಎ ಎಕ್ಸ್‌ಪ್ರೆಸ್ ರೈಲು ಹತ್ತಿ. ಟರ್ಮಿನಲ್ 1ರಿಂದ ನಡುವೆ ಎಲ್ಲೂ ನಿಲ್ಲದೆ 28 ನಿಮಿಷಕ್ಕೆ ಊರೊಳಗಿನ ಕೆಎಲ್ ಸೆಂಟ್ರಾಲ್ ಸ್ಟೇಷನ್. ಒಬ್ಬರಿಗೆ 55 ರಿಂಗಿಟ್. ಒಂದು ರಿಂಗಿಟ್ ಅಂದರೆ 20 ರೂಪಾಯಿಗೂ ಸ್ವಲ್ಪ ಜಾಸ್ತಿ. ಜಾಸ್ತಿ ಅನ್ನಿಸುತ್ತದೆ, ಆದರೆ ಆ ಹೊತ್ತಿಗೆ ಅದೇ ಸರಿ. ಬೆಳಿಗ್ಗೆ ವಾಪಸ್ ಬರುವಾಗ ರಸ್ತೆ ಖಾಲಿ ಇರುತ್ತದೆ, ನಮ್ಮ ಓಲಾ ಹಾಗಿನ ಗ್ರಾಬ್ ಕಾರು ಸಾಕು. ಗ್ರಾಬ್ ಆಪ್ ಬೆಂಗಳೂರಿನಲ್ಲೇ ಹಾಕಿ ಓಟಿಪಿ ಎಲ್ಲ ಮುಗಿಸಿಡೋಣ. ಟರ್ಮಿನಲ್ 1, 2 ಬೇರೆ ಬೇರೆ ಕಟ್ಟಡ, ಕಾರು ಕರೆಯುವಾಗ ಟಿಕೆಟ್ ನೋಡಿ ಸರಿಯಾದದ್ದು ಹಾಕಿ.

ಹೋಟೆಲ್ ಕೆಎಲ್ ಸೆಂಟ್ರಾಲ್‌ನಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ, ಬ್ರಿಕ್‌ಫೀಲ್ಡ್ಸ್ ಅನ್ನುವ ಬಡಾವಣೆ ಕಡೆಗೆ. ಸ್ಟೇಷನ್ನಿಗೆ ಅಂಟಿಕೊಂಡೇ ನು ಸೆಂಟ್ರಲ್ ಅಂತ ಮಾಲ್ ಇದೆ, ಅದರೊಳಗಿಂದಲೇ ಹಾದು ಆಚೆ ಹೋದರೆ ಬ್ರಿಕ್‌ಫೀಲ್ಡ್ಸ್ ರಸ್ತೆ. ಬುಕ್ ಮಾಡಿದ ದುಡ್ಡಿನ ಮೇಲೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಟೂರಿಸಂ ತೆರಿಗೆ ಅಂತ ಕೌಂಟರಿನಲ್ಲಿ ಕೇಳುತ್ತಾರೆ. ಅದು ಮೋಸವಲ್ಲ, ಹೊರದೇಶದವರೆಲ್ಲ ಕೊಡಬೇಕು. ಹೋಟೆಲ್ ಹೆಸರು, ವಿಳಾಸ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ಇಬ್ಬರ ಜೇಬಲ್ಲೂ ಇಟ್ಟುಕೊಳ್ಳಿ. ಫೋನ್ ಚಾರ್ಜ್ ಹೋದರೂ ಭಯ ಇರುವುದಿಲ್ಲ.

ಈಗ ನಿಮ್ಮ ಮುರುಗನ್, ಚಿಕ್ಕಮ್ಮ. ಬಟು ಕೇವ್ಸ್ ಮೂರ್ತಿ 140 ಅಡಿ ಎತ್ತರ, ಬಂಗಾರದ ಬಣ್ಣ. ನೋಡಬೇಕಾದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ಗುಹೆಯ ಗುಡಿಗೆ 272 ಮೆಟ್ಟಿಲು, ಕಡಿದಾಗಿವೆ. ನಿಮ್ಮ ಮಂಡಿ ಹೋದ ತಿಂಗಳಷ್ಟೇ ಸ್ವಲ್ಪ ಹತೋಟಿಗೆ ಬಂದಿದೆ. ಊರಿನ ಉತ್ತರದ ತುದಿ ಅದು, ಹೋಗಿ ಬರುವುದಕ್ಕೇ ಸಂಜೆ ಪೂರ್ತಿ ಹೋಗುತ್ತದೆ. ನೀವು ಕಳಿಸಿದ ಟಿಕೆಟ್ ನೋಡಿದೆ. ಮೆಲ್ಬರ್ನ್‌ನಿಂದ ವಾಪಸ್ ಬರುವಾಗ ಅಲ್ಲಿ ಇಡೀ ಹಗಲು ಸಿಗುತ್ತದೆ. ಆಗ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹೋಗಿ, ಮೆಟ್ಟಿಲು ಬೇಡ ಅನ್ನಿಸಿದರೆ ಕೆಳಗಿನಿಂದಲೇ ಕೈಮುಗಿದು ಬನ್ನಿ. ಮೂರ್ತಿ ಇರುವುದು ಕೆಳಗೇ.

ಹೋಗುವಾಗ ಬ್ರಿಕ್‌ಫೀಲ್ಡ್ಸ್‌ನಲ್ಲೇ ಮುರುಗನ್ ಇದ್ದಾನೆ. ಸ್ಕಾಟ್ ರಸ್ತೆಯ ಶ್ರೀ ಕಂದಸ್ವಾಮಿ ಕೋವಿಲ್. ಜಾಫ್ನಾ ಕಡೆಯಿಂದ ಬಂದ ತಮಿಳರು ಕಟ್ಟಿದ್ದು. ಅಮ್ಮ ಅಲ್ಲಿ ಒಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. "ಊರಲ್ಲೇ ಇದ್ದ ಹಾಗಿದೆ ಕಣೋ" ಅಂದರು. ನಿಮಗೂ ಅಷ್ಟು ಸಾಕು ಅಲ್ವಾ?

ಆ ಬೀದಿಯೂ ನೋಡಲು ಚೆನ್ನಾಗಿದೆ. 1881ರಲ್ಲಿ ಕೌಲಾಲಂಪುರಕ್ಕೆ ಬೆಂಕಿ ಬಿತ್ತು, ನೆರೆಯೂ ಬಂತು. ಮರದ, ಸೋಗೆಯ ಮನೆಗಳೆಲ್ಲ ಹೋದವು. ಆಮೇಲೆ ಇಟ್ಟಿಗೆಯಲ್ಲೇ ಕಟ್ಟಬೇಕು ಅಂತ ಆಯಿತು. ಆ ಇಟ್ಟಿಗೆ ಸುಟ್ಟ ಜಾಗವೇ ಬ್ರಿಕ್‌ಫೀಲ್ಡ್ಸ್. ಚಿಕ್ಕಪ್ಪ ಪಿಡಬ್ಲ್ಯುಡಿಯಲ್ಲಿ ಇದ್ದವರು, ಅವರಿಗೆ ಈ ಕಥೆ ಹಿಡಿಸುತ್ತದೆ. ಸಾಂಚಿ ಸ್ತೂಪದ ಮಾದರಿಯ ಕಲ್ಲಿನ ತೋರಣ ಒಂದಿದೆ, ನಮ್ಮ ದೇಶದವರು ಕೊಟ್ಟಿದ್ದು, 2015ರಲ್ಲಿ ಉದ್ಘಾಟನೆ ಆಯಿತು. ರಸ್ತೆ ಬದಿ ಮಲ್ಲಿಗೆ ಕಟ್ಟಿ ಮಾರುತ್ತಾರೆ. ಮುಡಿದುಕೊಳ್ಳಿ, ಆದರೆ ಮಾರನೇ ದಿನ ಮೆಲ್ಬರ್ನ್‌ಗೆ ಹೊತ್ತುಕೊಂಡು ಹೋಗಬೇಡಿ. ಆಸ್ಟ್ರೇಲಿಯಾದಲ್ಲಿ ಹೂವು, ಹಣ್ಣು, ಹಸಿ ಕರಿಬೇವು ಎಲ್ಲಕ್ಕೂ ಬಹಳ ಕಟ್ಟುನಿಟ್ಟು. ಸೂಟ್‌ಕೇಸಿನಲ್ಲಿರುವ ಚಟ್ನಿಪುಡಿ, ಬಾಣಂತಿ ಖಾರ ಎಲ್ಲವನ್ನೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆದು ತೋರಿಸಿ. ಹೇಳದೆ ಸಿಕ್ಕಿಬಿದ್ದರೆ ದಂಡ.

ಊಟಕ್ಕೆ ಆ ಬೀದಿ ಬಿಟ್ಟು ಬೇರೆಲ್ಲೂ ಹೋಗಬೇಡಿ. ಬಾಳೆಲೆ ಊಟ, ದೋಸೆ, ಮೊಸರನ್ನ ಎಲ್ಲ ಇದೆ. ಹೋಟೆಲಿಗೆ ಹೋದ ತಕ್ಷಣ "ಸೈವಂ" ಅಂತ ಹೇಳಿ, ತಮಿಳಿನಲ್ಲಿ ಸಸ್ಯಾಹಾರ ಅಂತ, ಅವರಿಗೆ ಅರ್ಥವಾಗುತ್ತದೆ. ಬೇರೆ ಕಡೆ ಬರೀ ತರಕಾರಿ ಅಂದರೂ ನಂಬುವ ಹಾಗಿಲ್ಲ. ಬೆಲಾಚಾನ್ ಅಂತ ಒಣ ಸಿಗಡಿಯ ಗಟ್ಟಿ ಹಾಕುತ್ತಾರೆ, ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. ನಾಸಿ ಲೆಮಾಕ್ ಅಂತ ತೆಂಗಿನ ಹಾಲಿನ ಅನ್ನ ಪರಿಮಳ ಚೆನ್ನಾಗಿರುತ್ತದೆ, ಪಕ್ಕದಲ್ಲೇ ಕರಿದ ಪುಟ್ಟ ಮೀನು ಇಟ್ಟಿರುತ್ತಾರೆ. ಟೀ ವಿಷಯದಲ್ಲಿ ಚಿಕ್ಕಪ್ಪ ಹುಷಾರು. ತೇ ತಾರಿಕ್ ಅಂದರೆ ಮಂದ ಸಿಹಿ ಹಾಲು ಹಾಕಿ ಎತ್ತರದಿಂದ ಎತ್ತಿ ಸುರಿಯುವ ಟೀ, ಪೂರ್ತಿ ಸಕ್ಕರೆ. "ತೇ ಓ ಕೊಸೊಂಗ್" ಅಂತ ಕೇಳಿದರೆ ಹಾಲು, ಸಕ್ಕರೆ ಎರಡೂ ಇಲ್ಲದ ಟೀ ಕೊಡುತ್ತಾರೆ. ನೀರು ಬಾಟಲಿಯದ್ದೇ ಕುಡಿಯಿರಿ.

ಬೋರ್ಡುಗಳಿಗೆ ಹೆದರಬೇಡಿ. ಮಲಯ್ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಕೆಲುವಾರ್ ಅಂದರೆ ಹೊರಗೆ ಹೋಗುವ ದಾರಿ. ತಂಡಾಸ್ ಅಂದರೆ ಶೌಚಾಲಯ, ನಮ್ಮ ಹುಬ್ಬಳ್ಳಿ ಕಡೆಯ ಸಂಡಾಸ ನೆನಪಿಟ್ಟುಕೊಂಡರೆ ಸಾಕು. ನಾಮಾ ಅಂದರೆ ಹೆಸರು, ಬಹಾಸಾ ಅಂದರೆ ಭಾಷೆ.

ಊಟ ಆದ ಮೇಲೂ ಕಾಲಲ್ಲಿ ಬಲ ಇದ್ದರೆ ಮಾತ್ರ ಪೆಟ್ರೋನಾಸ್ ಅವಳಿ ಗೋಪುರ. ಮೇಲೆ ಹತ್ತುವ ಟಿಕೆಟ್ ಬೇಡ, ಹೊರಗಿನಿಂದಲೇ ನೋಡಬೇಕು. 88 ಅಂತಸ್ತು, 452 ಮೀಟರ್, ರಾತ್ರಿ ದೀಪ ಹಾಕಿದಾಗ ಬೆಳ್ಳಿ ಹಾಗೆ ಹೊಳೆಯುತ್ತದೆ. ಕೆಎಲ್ ಸೆಂಟ್ರಾಲ್‌ನಿಂದ ನಮ್ಮ ಮೆಟ್ರೋ ಹಾಗಿನ ಎಲ್‌ಆರ್‌ಟಿ ರೈಲಿನಲ್ಲಿ ಐದನೇ ಸ್ಟೇಷನ್, ಕೆಎಲ್‌ಸಿಸಿ. ಮಷೀನಿಗೆ ದುಡ್ಡು ಹಾಕಿದರೆ ಟಿಕೆಟ್ ಬದಲು ನೀಲಿ ಪ್ಲಾಸ್ಟಿಕ್ ಬಿಲ್ಲೆ ಬರುತ್ತದೆ, ಕೇರಂ ಕಾಯಿಯ ಹಾಗೆ. ಒಳಗೆ ಹೋಗುವಾಗ ಗೇಟಿಗೆ ಮುಟ್ಟಿಸಬೇಕು, ಹೊರಗೆ ಬರುವಾಗ ಗೇಟಿನ ಸೀಳಿಗೆ ಹಾಕಬೇಕು. ಅಲ್ಲಿವರೆಗೂ ಜೋಪಾನ, ಸಣ್ಣದು, ಕಳೆದುಹೋಗುತ್ತದೆ. ಮಳೆ ಬಂದರೆ ಗೋಪುರದ ಆಸೆ ಬಿಟ್ಟುಬಿಡಿ. ಅಲ್ಲಿ ಸಂಜೆ ಮಳೆ ಸುರಿದರೆ ಕೊಡೆ ತಡೆಯುವುದಿಲ್ಲ. ಏನೇ ಆದರೂ ಹತ್ತು ಗಂಟೆಗೆ ಹಾಸಿಗೆಯಲ್ಲಿರಬೇಕು.

ಬೆಳಿಗ್ಗೆ ಐದಕ್ಕೆ ಏಳಿ, ಆರಕ್ಕೆ ಹೊರಡಿ. ಹೊರಗೆ ಕತ್ತಲೆ ಇರುತ್ತದೆ, ಗಡಿಯಾರ ತಪ್ಪಾಗಿದೆ ಅಂತ ಗಾಬರಿ ಬೇಡ. ಅಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆ ಹೊತ್ತಿಗೆ.

ಇನ್ನೊಂದು ಮಾತು. ವಿಮಾನ ತಡವಾಗಿ ಇಳಿದರೆ, ಇಲ್ಲ ಚಿಕ್ಕಪ್ಪನಿಗೆ ತಲೆ ಸುತ್ತು ಅನ್ನಿಸಿದರೆ, ಊರಿನ ಕಡೆ ಹೋಗಲೇಬೇಡಿ. ಟರ್ಮಿನಲ್ 1ಕ್ಕೆ ಸೇತುವೆ ದಾರಿಯಲ್ಲೇ ಸೇರಿಕೊಂಡ ಹಾಗೆ ಸಮಾ ಸಮಾ ಅಂತ ಹೋಟೆಲ್ ಇದೆ, ದರ ಜಾಸ್ತಿ, ಆದರೆ ಕಾರು ರೈಲು ಏನೂ ಬೇಡ. ಊರಿನ ಹೋಟೆಲನ್ನು ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದನ್ನೇ ಬುಕ್ ಮಾಡುತ್ತೇನೆ.

ಚಿಕ್ಕಪ್ಪ ಇವತ್ತು ರಾತ್ರಿ ಹೂಂ ಅಂದರೆ ನಾಳೆಯೇ ರೂಮ್ ನೋಡುತ್ತೇನೆ. ಕೆಳಗಿನ ಅಂತಸ್ತು ಬೇಕಾ, ಎರಡು ಬೇರೆ ಮಂಚ ಬೇಕಾ ಹೇಳಿ. ಭಾನುವಾರ ಸಂಜೆ ಅಡಾಪ್ಟರ್ ತೆಗೆದುಕೊಂಡು ಮನೆಗೆ ಬರುತ್ತೇನೆ, ಪಾಸ್‌ಪೋರ್ಟ್ ಎರಡೂ ಟೇಬಲ್ ಮೇಲೆ ತೆಗೆದಿಟ್ಟಿರಿ.