ಸಹಾಯ ಬೇಕು: ಕಥೆ ಓದಿ ತಿದ್ದುವವರು ಉಡುಪಿಯಲ್ಲಿ ಇದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ಮಣಿಪಾಲದಲ್ಲಿ ಕೆಲಸ ಮಾಡುತ್ತಾ ಸಣ್ಣಕಥೆ ಬರೆಯುವುದನ್ನು ಕಲಿಯುತ್ತಿದ್ದೇನೆ. ಈಗ ಕೈಯಲ್ಲಿರುವುದು ಮಲ್ಪೆ ಬಂದರಿನ ಕಥೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಕ್ಕೆಯಲ್ಲಿ, ಮೀನು ಮಾರುವ ಹೆಂಗಸೊಬ್ಬಳ ಮನೆಯಲ್ಲಿ ಸಾಲದ ಮಾತು. ಅವಳ ಕಣ್ಣಿನಿಂದಲೇ ಹೇಳಬೇಕೆಂದು ಹೊರಟರೂ ಎರಡನೇ ಪುಟಕ್ಕೆ ಗಂಡನ ಮನಸ್ಸಿನೊಳಗೆ ಇಣುಕಿಬಿಡುತ್ತೇನೆ. ಇಣುಕದಿದ್ದರೆ ಅವನು ಬಲೆ ಮಾರಿದ್ದು ಓದುಗರಿಗೆ ತಿಳಿಯುವುದು ಹೇಗೆ? ಸಂಭಾಷಣೆಯಲ್ಲಿ ಹೇಳಿಸಿದರೆ ಎಲ್ಲರೂ ತಾಳಮದ್ದಳೆಯಲ್ಲಿ (ವೇಷವಿಲ್ಲದ ಯಕ್ಷಗಾನ) ಕುಳಿತು ಉದ್ದುದ್ದ ಮಾತಾಡುವ ಅರ್ಥಧಾರಿಗಳಾಗುತ್ತಾರೆ (ಅವರ ಮಾತಾದರೂ ಕೇಳಲು ಸೊಗಸು!).

ಮನೆಯವರು ಓದಿ ‘ಚೆನ್ನಾಗಿದೆ’ ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಉಡುಪಿ ಆಸುಪಾಸಿನಲ್ಲಿ ಭಾನುವಾರ ಕುಳಿತು, ಮುಲಾಜಿಲ್ಲದೆ ತಿದ್ದುವ ಬಳಗವಿದ್ದರೆ ದಯವಿಟ್ಟು ತಿಳಿಸಿ. ಚಹಾ, ಗೋಳಿಬಜೆ ನನ್ನ ಲೆಕ್ಕ.