ಅಜ್ಜನ ಪದ್ಮಿನಿಗೆ ಟಾಯ್ಲೆಟ್ ಕ್ಲೀನರ್

ಗುಂಪು: ಅಜ್ಜನ ಮನೆ, ಧಾರವಾಡ

ಹಾವೇರಿ ಮಾಮಾ: (ಫಾರ್ವರ್ಡ್) ಹಳೇ ಕಾರು ಬಿಸಿಯಾಗುತ್ತಿದೆಯಾ? ಮೆಕ್ಯಾನಿಕ್‌ಗೆ ದುಡ್ಡು ಸುರಿಯಬೇಡಿ! ರೇಡಿಯೇಟರ್‌ಗೆ ಅರ್ಧ ಬಾಟಲಿ ಟಾಯ್ಲೆಟ್ ಕ್ಲೀನರ್ ಹಾಕಿ 20 ನಿಮಿಷ ಎಂಜಿನ್ ಓಡಿಸಿ. ಆಮೇಲೆ ಎರಡು ಚಮಚ ಕಾಸ್ಟಿಕ್ ಸೋಡಾ. ತುಕ್ಕು, ಕೆಸರು ಎಲ್ಲ ಮಾಯ! ಹತ್ತು ಮಂದಿಗೆ ಕಳಿಸಿ.

ಹಾವೇರಿ ಮಾಮಾ: ಅಣ್ಣ, ನಮ್ಮ ಪದ್ಮಿನಿ ಕಾರಿಗೆ ಹೇಳಿ ಮಾಡಿಸಿದ ಹಾಗಿದೆ. ಭಾನುವಾರ ಬರುತ್ತೇನೆ, ಮುಗಿಸಿಬಿಡೋಣ.

ಧಾರವಾಡ ಮಾಮಾ: ಏನಾದರೂ ಮಾಡಲೇಬೇಕು. ಹುಬ್ಬಳ್ಳಿಯಿಂದ ಬರುವಾಗ ನವಲೂರು ದಾಟುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಏಳುತ್ತದೆ. ನೀರು ಬಿಟ್ಟರೆ ಕೆಂಪು ರಾಡಿ ಬರುತ್ತದೆ.

ನಾನು: ಮಾಮಾ, ದಯವಿಟ್ಟು ಬೇಡ. ಟಾಯ್ಲೆಟ್ ಕ್ಲೀನರ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ಅದಕ್ಕೆ ತುಕ್ಕು ಯಾವುದು, ಕಬ್ಬಿಣ ಯಾವುದು ಅಂತ ಗೊತ್ತಾಗಲ್ಲ.

ಹಾವೇರಿ ಮಾಮಾ: ಏನವ್ವಾ ಎಂಜಿನಿಯರ್, ನನ್ನ ಗೆಳೆಯನ ಅಂಬಾಸಿಡರ್‌ಗೆ ಇದನ್ನೇ ಹಾಕಿದ್ದರು. ಇವತ್ತಿಗೂ ಓಡುತ್ತಿದೆ.

ನಾನು: ಓಡುತ್ತಿರಬಹುದು ಮಾಮಾ. ಹಳೇ ಪೆಟ್ರೋಲ್ ಅಂಬಾಸಿಡರಿನ 1489 ಸಿಸಿ ಎಂಜಿನ್‌ನಲ್ಲಿ ಸಿಲಿಂಡರ್ ಇರುವ ಬ್ಲಾಕೂ ಬೀಡು ಕಬ್ಬಿಣ, ಅದರ ಮೇಲೆ ಕೂರುವ ಹೆಡ್ಡೂ ಬೀಡು ಕಬ್ಬಿಣ. ಏಟು ತಡೆದುಕೊಳ್ಳುತ್ತದೆ. ನಮ್ಮ ಪದ್ಮಿನಿಯದು ಫಿಯಟ್ 1100ರ 1089 ಸಿಸಿ ಎಂಜಿನ್. ಬ್ಲಾಕ್ ಬೀಡು, ಹೆಡ್ ಅಲ್ಯೂಮಿನಿಯಂ. ರೇಡಿಯೇಟರ್ ತಾಮ್ರ, ಹಿತ್ತಾಳೆ. ಅದರ ಕೀಲುಗಳಿಗೆಲ್ಲ ಸೀಸ ಮತ್ತು ತವರದ ಬೆಸುಗೆ. ಇಷ್ಟು ಲೋಹ ಒಂದೇ ನೀರಿನಲ್ಲಿ ಕೂತಿವೆ. ಒಂದಕ್ಕೆ ಔಷಧ ಆದದ್ದು ಇನ್ನೊಂದಕ್ಕೆ ವಿಷ.

ನಾನು: ಕಾಸ್ಟಿಕ್ ಸೋಡಾ ಅಂತೂ ಅಲ್ಯೂಮಿನಿಯಂ ಅನ್ನು ನೇರವಾಗಿ ತಿನ್ನುತ್ತದೆ, ಹೈಡ್ರೋಜನ್ ಗ್ಯಾಸ್ ಬಿಡುತ್ತದೆ. ಹೆಡ್ಡು, ಬ್ಲಾಕಿನ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಕೂರುವ ಜಾಗದಲ್ಲಿ ಗುಂಡಿ ಬಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತದೆ. ಆಸಿಡ್ ಇರುವಾಗಲೇ ಸೋಡಾ ಸುರಿದರೆ ಎರಡೂ ಸೇರಿ ಉಪ್ಪುನೀರು ಆಗುತ್ತದೆ. ಅದು ಸಂದಿಯಲ್ಲಿ ಉಳಿದರೆ ಇದ್ದ ತುಕ್ಕಿಗೆ ಇನ್ನೂ ಜೋರು.

(ಇದಕ್ಕೆ ಮಾಮಾ ಒಂದು ಹೆಬ್ಬೆರಳು ಒತ್ತಿದರು. ಒಪ್ಪಿಗೆಯೋ ವ್ಯಂಗ್ಯವೋ, ನಮ್ಮ ಮನೆಯಲ್ಲಿ ಹೇಳಲು ಬರುವುದಿಲ್ಲ.)

ಗದಗ ಚಿಗವ್ವ: ನಮ್ಮ ಗದಗಿನ ಬೋರ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಗಾರೆ ಹತ್ತುತ್ತದೆ. ನಾನು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ತೆಗೆಯುತ್ತೇನೆ. ಕಾರಿಗೆ ಅದು ನಡೆಯಲ್ವಾ?

ನಾನು: ನಡೆಯುತ್ತದೆ ಚಿಗವ್ವ, ಆದರೆ ಕೊನೆಗೆ. ಎಂಜಿನ್ ಒಳಗೂ ಅದೇ ಗಾರೆ, ಜೊತೆಗೆ ತುಕ್ಕಿನ ಪುಡಿ. ಗಾರೆ ಶಾಖವನ್ನು ಬಿಟ್ಟುಕೊಡುವುದಿಲ್ಲ. ನೀರು ತಣ್ಣಗಿದ್ದರೂ ಲೋಹ ಕಾಯುತ್ತದೆ. ಪಂಪ್ ಮುಂದಿದೆ, ಹಿಂದಿನ ನಾಲ್ಕನೇ ಸಿಲಿಂಡರ್ ಹತ್ತಿರ ನೀರಿನ ಓಟ ಕಡಿಮೆ. ಕೆಸರೆಲ್ಲ ಅಲ್ಲಿ ಹೋಗಿ ಕೂರುತ್ತದೆ. ಅಷ್ಟು ದಪ್ಪ ಕೆಸರನ್ನು ಯಾವ ಪುಡಿಯೂ ಕರಗಿಸಲ್ಲ. ಕೈಯಿಂದಲೇ ತೆಗೆಯಬೇಕು.

ಧಾರವಾಡ ಮಾಮಾ: ಅಪ್ಪ ಇರುವಾಗ ಬಾವಿ ನೀರೇ ಹಾಕುತ್ತಿದ್ದರು. ಯಾವತ್ತೂ ಏನೂ ಆಗಲಿಲ್ಲ.

ನಾನು: ಆಗುತ್ತಲೇ ಇತ್ತು ಮಾಮಾ, ಹೊರಗೆ ಕಾಣುತ್ತಿರಲಿಲ್ಲ ಅಷ್ಟೇ. ಪ್ರತಿ ಸಲ ಮಗ್ಗಿನಿಂದ ನೀರು ಸುರಿದಾಗ ಹೊಸ ಸುಣ್ಣ, ಹೊಸ ಆಮ್ಲಜನಕ ಎರಡೂ ಒಳಗೆ ಹೋಗುತ್ತವೆ. ಈಗ ನಲ್ಲಿಯಲ್ಲಿ ಮಲಪ್ರಭೆ ಬರುತ್ತದೆ, ಬೋರ್‌ಗಿಂತ ಮೆತ್ತಗಿದೆ, ಆದರೂ ಕಾರಿಗೆ ಬೇಡ.

ನನ್ನ ತಮ್ಮ: ಅಕ್ಕಾ, ಬ್ಯಾಟರಿ ಕರೆಂಟ್ ಕೊಟ್ಟು ತುಕ್ಕು ತೆಗೆಯುವ ವಿಡಿಯೋ ನೋಡಿದೆ. ವಾಷಿಂಗ್ ಸೋಡಾ ನೀರಿನಲ್ಲಿ ಮಾಡುತ್ತಾರೆ.

ನಾನು: ಬಿಚ್ಚಿಟ್ಟ ಬರೀ ಕಬ್ಬಿಣದ ಬ್ಲಾಕಿಗೆ ಸರಿ. ಹೆಡ್ ಮೇಲಿರುವಾಗ ಮುಟ್ಟಬೇಡ.

ಹಾವೇರಿ ಮಾಮಾ: ಎಲ್ಲದಕ್ಕೂ ಬೇಡ, ಬೇಡ. ಮಾಡುವುದೇನು ಅಂತ ಹೇಳು.

ನಾನು: ಮೊದಲು ರೋಗ ನೋಡೋಣ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಲ್ಲಿ ತೆಗೆದರೆ ಮುಖಕ್ಕೆ ಎರಚುತ್ತದೆ. ಒಳಗೆ ಕೆಂಪು ರಾಡಿ ಇದ್ದರೆ ತುಕ್ಕು. ಹಾಲು ಕಾಫಿ ಬಣ್ಣದ ಜಿಡ್ಡು ಇದ್ದರೆ ಎಣ್ಣೆ ಸೇರಿದೆ. ಎಂಜಿನ್ ಚಾಲೂ ಮಾಡಿದ ಕೂಡಲೇ ಬಿಡದೆ ಗುಳ್ಳೆ ಬಂದರೂ ಗ್ಯಾಸ್ಕೆಟ್ ಮೇಲೆ ಅನುಮಾನ. ಹಾಗಿದ್ದರೆ ತೊಳೆದು ಉಪಯೋಗವಿಲ್ಲ, ಹೆಡ್ ಬಿಚ್ಚಬೇಕು. ಫ್ಯಾನ್ ಬೆಲ್ಟ್ ಸಡಿಲವಾಗಿದೆಯಾ, ಕೆಳಗಿನ ಹೋಸ್ ಮೆತ್ತಗಾಗಿ ಒಳಕ್ಕೆ ಎಳೆದುಕೊಳ್ಳುತ್ತದೆಯಾ, ಅದನ್ನೂ ನೋಡಿ.

ಧಾರವಾಡ ಮಾಮಾ: ಕೆಂಪೇ. ಜಿಡ್ಡಿಲ್ಲ. ಗುಳ್ಳೆಯೂ ಇಲ್ಲ. ಬೆಲ್ಟ್ ಮೊನ್ನೆ ಹಾಕಿಸಿದ್ದು.

ನಾನು: ಒಳ್ಳೇದಾಯಿತು. ಹಾಗಾದರೆ ರೇಡಿಯೇಟರ್ ಇಳಿಸಿ ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ರಿಪೇರಿಯವರ ಹತ್ತಿರ ಒಯ್ಯೋಣ. ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ, ಒಂದೊಂದು ಕೊಳವೆಗೂ ಸಪೂರ ರಾಡ್ ಹಾಕಿ ತೆಗೆದು, ಮತ್ತೆ ಬೆಸೆಯುತ್ತಾರೆ. ಹಿತ್ತಾಳೆ ರೇಡಿಯೇಟರಿನ ದೊಡ್ಡ ಗುಣವೇ ಇದು. ಈಗಿನ ಪ್ಲಾಸ್ಟಿಕ್ ಟ್ಯಾಂಕಿನವು ಕೆಟ್ಟರೆ ಎಸೆಯುವುದೇ.

ನಾನು: ಆಮೇಲೆ ಬ್ಲಾಕ್. ಬದಿಯಲ್ಲಿ ದುಂಡಗಿನ ತಗಡಿನ ಮುಚ್ಚಳಗಳಿವೆಯಲ್ಲ, ವೆಲ್ಷ್ ಪ್ಲಗ್, ಅವನ್ನು ತೆಗೆಸೋಣ. ಆ ತೂತಿನಿಂದ ತಂತಿ ಹಾಕಿ ಕೆರೆದರೆ ರಾಡಿ ಗಟ್ಟಿಗಟ್ಟಿಯಾಗಿ ಉದುರುತ್ತದೆ. ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ತೆಗೆದು, ತೋಟದ ಪೈಪಿನಿಂದ ನೀರನ್ನು ಉಲ್ಟಾ ದಿಕ್ಕಿನಲ್ಲಿ ಬಿಡೋಣ. ನೀರು ತಿಳಿಯಾಗುವವರೆಗೆ ನಿಲ್ಲಿಸುವ ಹಾಗಿಲ್ಲ. ಹೊಸ ಪ್ಲಗ್ ಕೂರಿಸಿದ ಮೇಲೆ ಚಿಗವ್ವನ ನಿಂಬೆ ಉಪ್ಪು. ಲೀಟರಿಗೆ 50 ಗ್ರಾಂ ದಾಟುವುದು ಬೇಡ. ಬೆಚ್ಚಗೆ ಅರ್ಧ ಗಂಟೆ ಸಾಕು. ಅದೂ ಅಲ್ಯೂಮಿನಿಯಂಗೆ ಸ್ವಲ್ಪ ತಾಗುತ್ತದೆ, ರಾತ್ರಿಯಿಡೀ ಬಿಟ್ಟರೆ ಆಗಲ್ಲ. ನಂತರ ಅಡುಗೆ ಸೋಡಾ ಕಲಸಿದ ತೆಳು ನೀರು, ಮತ್ತೆ ಬರೀ ನೀರು.

ಹಾವೇರಿ ಮಾಮಾ: ಇಷ್ಟೆಲ್ಲ ತೊಳೆದ ಮೇಲೆ ಸೋರಲು ಶುರುವಾದರೆ? ತುಕ್ಕೇ ತೂತು ಮುಚ್ಚಿಕೊಂಡಿರುತ್ತದೆ ಅಂತ ನಮ್ಮ ಮೇಸ್ತ್ರಿ ಹೇಳುತ್ತಿದ್ದ.

ನಾನು: ಆ ಮಾತು ನಿಜ ಮಾಮಾ, ಸೋರಬಹುದು. ಅದಕ್ಕೇ ಹಳೇ ಪ್ಲಗ್, ಹಳೇ ಹೋಸ್ ವಾಪಸ್ ಹಾಕುವುದು ಬೇಡ. ವಾಟರ್ ಪಂಪಿನ ಸೀಲೂ ನೋಡಿಸೋಣ. ಅಂಗಳದಲ್ಲಿ ಸೋರಿದರೆ ನಮ್ಮ ಪುಣ್ಯ, ಬಂಕಾಪುರದ ಹತ್ತಿರ ಹೈವೇಯಲ್ಲಿ ಸೋರುವುದಕ್ಕಿಂತ.

ಧಾರವಾಡ ಮಾಮಾ: ಥರ್ಮೋಸ್ಟಾಟ್ ತೆಗೆದು ಬಿಸಾಡಿ ಅಂತ ಎಲ್ಲ ಗ್ಯಾರೇಜಿನವರೂ ಹೇಳುತ್ತಾರೆ.

ನಾನು: ಹೇಳುತ್ತಾರೆ, ಅವರಿಗೆ ಸುಲಭ. ಅದಿಲ್ಲದಿದ್ದರೆ ಎಂಜಿನ್ ಬೇಗ ಬಿಸಿ ಹಿಡಿಯಲ್ಲ. ಪೆಟ್ರೋಲ್ ಜಾಸ್ತಿ, ಸವೆತವೂ ಜಾಸ್ತಿ. ಪಾತ್ರೆಯ ಬಿಸಿನೀರಿನಲ್ಲಿ ಬಿಟ್ಟು ನೋಡಿ. ಮೇಲೆ ಬರೆದ ಡಿಗ್ರಿಗೆ ಬಾಯಿ ತೆರೆದರೆ ಅದೇ ಇರಲಿ.

ಅವ್ವ: ರೇಡಿಯೇಟರ್ ನೀರಿಗೆ ಕೂಲಂಟ್ ಹಾಕುತ್ತೀರಾ? ಅದು ಬರ್ಫ ಬೀಳುವ ಊರಿಗೆ ಅಲ್ವಾ?

ನಾನು: ಅವ್ವ, ನಮಗೆ ಬೇಕಾದದ್ದು ಅದರಲ್ಲಿರುವ ತುಕ್ಕು ತಡೆಯುವ ಮದ್ದು. ಧಾರವಾಡ ಎತ್ತರದಲ್ಲಿದೆ, ಇಲ್ಲಿ ಬರೀ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಕೂಲಂಟ್ ಬೆರೆತರೆ ಕುದಿಯುವುದು ತಡವಾಗುತ್ತದೆ. ರೇಡಿಯೇಟರ್ ಮುಚ್ಚಳದ ಒತ್ತಡವೂ ಒಂದೊಂದು ಪಿಎಸ್‌ಐಗೆ ಸುಮಾರು ಒಂದೂವರೆ ಡಿಗ್ರಿ ಮೇಲೇರಿಸುತ್ತದೆ. ಅದಕ್ಕೇ ಮುಚ್ಚಳದ ರಬ್ಬರ್ ಹರಿದಿದ್ದರೆ ಹೊಸದು ಬೇಕು. ಬೆಸುಗೆ ಇರುವ ರೇಡಿಯೇಟರಿಗೆ ಹಳೇ ತರದ ಕೂಲಂಟೇ ಒಳ್ಳೇದು. ಬಣ್ಣ ನೋಡಿ ಕೊಳ್ಳಬೇಡಿ, ಡಬ್ಬಿಯ ಮೇಲೆ ಓದಿ. ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ. ಮದ್ದಿನ ಶಕ್ತಿ ಎರಡು ವರ್ಷ, ಆಮೇಲೆ ಬದಲಿಸಬೇಕು.

ಗದಗ ಚಿಗವ್ವ: ಅದು ಸಿಹಿಯಂತೆ. ನಾಯಿ ನೆಕ್ಕಿದರೆ ಸಾಯುತ್ತದಂತೆ.

ನಾನು: ಹೌದು. ಎಥಿಲೀನ್ ಗ್ಲೈಕಾಲ್, ವಿಷ. ದನಕ್ಕೂ ಅಪಾಯ, ಮಕ್ಕಳಿಗೂ. ಗಟಾರಕ್ಕೆ ಬಿಡುವ ಹಾಗಿಲ್ಲ, ಡಬ್ಬಿಯಲ್ಲಿ ಹಿಡಿಯಬೇಕು.

ಹಾವೇರಿ ಮಾಮಾ: ಸರಿ. ನನ್ನ ಬಾಟಲಿ ಬಚ್ಚಲಲ್ಲೇ ಇರಲಿ. ರೇಡಿಯೇಟರ್ ಕೆಲಸದ ದುಡ್ಡು ಯಾರು ಕೊಡುತ್ತೀರಿ?

ಧಾರವಾಡ ಮಾಮಾ: ನಾಲ್ಕು ಪಾಲು. ಕಾರು ಎಲ್ಲರದು.

ಹಾವೇರಿ ಮಾಮಾ: ಓಡಿಸುವುದು ನೀನೊಬ್ಬನೇ ಅಲ್ವಾ ಅಣ್ಣ?

ಅವ್ವ: ದೀಪಾವಳಿಗೆ ಕಾರು ಬೇಕು ಅಂತ ಕೇಳುವವನು ನೀನೇ. ಸುಮ್ನೆ ಪಾಲು ಕೊಡು.

ಗದಗ ಚಿಗವ್ವ: ನನ್ನ ಪಾಲು ಕಳಿಸಿದ್ದೇನೆ. ನಿಂಬೆ ಉಪ್ಪಿನ ದುಡ್ಡು ಕಳೆದು.